ಬದನೆ ಹೂವು ಉದುರುತ್ತಿದೆ, ಜೇನು ಪೆಟ್ಟಿಗೆ ಇಡಲೇ?

ಪ್ರಶ್ನೆ: ಒಂದೂವರೆ ಎಕರೆಗೆ ಬದನೆ, ಟೊಮೆಟೊ ಹಾಕಿದ್ದೇನೆ. ಹೂವು ಚೆನ್ನಾಗಿ ಬರುತ್ತದೆ, ಕಾಯಿ ಕಚ್ಚುವುದು ಕಡಿಮೆ. ಜೇನು ಪೆಟ್ಟಿಗೆ ಇಟ್ಟರೆ ಸರಿಹೋಗುತ್ತಾ?

ಮೊದಲೇ ಹೇಳಿಬಿಡುತ್ತೇನೆ, ಉದುರುವ ಹೂವೆಲ್ಲ ಜೇನಿಲ್ಲದೆ ಉದುರುವುದಲ್ಲ. ಬದನೆಯಲ್ಲಿ ಶಲಾಕೆ, ಅಂದರೆ ಹೂವಿನ ನಡುವಿನ ಹೆಣ್ಣು ಕಡ್ಡಿ, ಗಿಡ್ಡ ಇರುವ ಹೂವುಗಳು ಹೇಗೂ ನಿಲ್ಲುವುದಿಲ್ಲ. ಉಳಿದವುಗಳ ಮಾತು ಬೇರೆ.

ಪೆಟ್ಟಿಗೆಗೆ ದುಡ್ಡು ಹಾಕುವ ಮುಂಚೆ ಒಂದು ಬೆಳಿಗ್ಗೆ ಬದನೆ ಸಾಲಿನಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಹೂವಿನ ನಡುವೆ ಹಳದಿ ಕೇಸರಗಳು ಒತ್ತಾಗಿ ನಿಂತಿರುತ್ತವೆ. ಪರಾಗ ಅದರೊಳಗೆ, ಹೊರಬರಲು ತುದಿಯಲ್ಲಿ ಸಣ್ಣ ತೂತು ಮಾತ್ರ. ಉಪ್ಪಿನ ಡಬ್ಬಿ ಇದ್ದ ಹಾಗೆ, ಅಲುಗಾಡಿಸಿದರೇ ಉದುರುವುದು. ನೀಲಿ ಪಟ್ಟೆಯ ಒಂದು ಗುಂಡು ಜೇನು ಬಂದು ಕೇಸರವನ್ನು ತಬ್ಬಿಕೊಳ್ಳುತ್ತದೆ. ರೆಕ್ಕೆ ಮಡಚಿ ಮೈಯನ್ನೇ ನಡುಗಿಸುತ್ತದೆ. ಗುಂಯ್ ಅನ್ನುತ್ತಿದ್ದ ಸದ್ದು ಝೀಂ ಅಂತ ತೆಳ್ಳಗಾಗುತ್ತದೆ. ಹೊಟ್ಟೆ ತುಂಬ ಹುಡಿ! ಕಪ್ಪು ದುಂಬಿಗೂ ಈ ವಿದ್ಯೆ ಗೊತ್ತು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಗೊತ್ತಿಲ್ಲ. ಟೊಮೆಟೊದ್ದೂ ಹೆಚ್ಚುಕಡಿಮೆ ಇದೇ ಕಥೆ, ಅಲ್ಲಿ ಗಾಳಿಯೂ ಒಂದಷ್ಟು ಕೆಲಸ ಮಾಡುತ್ತದೆ. ಸೌತೆ, ಕುಂಬಳ, ಸೂರ್ಯಕಾಂತಿ ಇದ್ದರೆ ಪೆಟ್ಟಿಗೆ ಖಂಡಿತ ಇಡಿ. ನಿಮ್ಮ ಬೆಳೆಗೆ ಬೇಕಾದವರು ಬೇರೆ.

ಇವು ಗುಂಪು ಕಟ್ಟಿ ಬಾಳುವ ಜೇನುಗಳಲ್ಲ. ಹೆಣ್ಣು ಒಂಟಿಯಾಗಿ ಗೂಡು ಮಾಡುತ್ತದೆ, ತುಪ್ಪ ಕೂಡಿಡುವುದಿಲ್ಲ, ಕಚ್ಚುವುದೂ ಅಪರೂಪ. ಹಾಗಾಗಿ ಇವಕ್ಕೆ ಬೇಕಾದದ್ದು ಪೆಟ್ಟಿಗೆಯಲ್ಲ, ಜಾಗ.

ನೀಲಿ ಪಟ್ಟೆಯದ್ದು ಮಣ್ಣು ಕೊರೆಯುತ್ತದೆ. ಬದುವಿನ ಅಂಚು, ಹಳೇ ಮಣ್ಣಿನ ಗೋಡೆ ಅದಕ್ಕೆ ಇಷ್ಟ. ಉಳುಮೆ, ಜೆಸಿಬಿ ಮುಟ್ಟದ ನಾಲ್ಕು ಮಾರು ಬರಿ ಮಣ್ಣು ಬಿಡಿ. ಹೊಲವಿಡೀ ಮಲ್ಚಿಂಗ್ ಹಾಳೆ ಹೊದಿಸಿದರೆ ಅದು ಗೂಡು ತೋಡುವುದೆಲ್ಲಿ, ಅಲ್ವಾ? ದುಂಬಿಗೆ ಒಣ ಮರ ಬೇಕು. ಮನೆಯ ತೊಲೆ ಕೊರೆಯಿತೆಂದು ಬೈದುಕೊಳ್ಳುವ ಬದಲು ಬೇಲಿಯ ಹತ್ತಿರ ದಪ್ಪ ಒಣ ಕೊಂಬೆ ನಾಲ್ಕು ಒರಗಿಸಿ. ಎಲೆ ಕತ್ತರಿಸುವ ಜೇನು ತೊಗರಿಗೆ ಬಹಳ ಒಳ್ಳೆಯದು, ಅದಕ್ಕೆ ಬಿದಿರು ಸಾಕು. ಗೆಣ್ಣಿನ ಹಿಂದೆ ಕತ್ತರಿಸಿ, ಒಂದು ಬದಿ ಮುಚ್ಚಿರಲಿ. ತೂತು ಪೆನ್ಸಿಲ್ ಗಾತ್ರದ್ದಿದ್ದರೆ ಚೆನ್ನ. ಹತ್ತಿಪ್ಪತ್ತು ತುಂಡು ಕಟ್ಟಿ, ಮಳೆ ಬೀಳದ ಕಡೆ, ಬೆಳಗಿನ ಬಿಸಿಲಿಗೆ ಮುಖಮಾಡಿ ಅಲುಗಾಡದಂತೆ ತೂಗುಹಾಕಿ. ಬಾಯಿಗೆ ಹಸಿರೆಲೆಯ ಬಿರಡೆ ಬಿತ್ತೆಂದರೆ ಒಕ್ಕಲು ಬಂದಂತೆ.

ಇನ್ನು ಹೊಟ್ಟೆಗೆ. ಬದನೆ ಹೂವಿನಲ್ಲಿ ಮಕರಂದವೇ ಇಲ್ಲ, ಬರೀ ಪರಾಗ. ಹಾಗಾಗಿ ಬದುವಿನಲ್ಲಿ ತುಳಸಿ, ತುಂಬೆ ಇರಬೇಕು. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ (ನಡುನಡುವೆ ಬಿಡುವ ಮಿಶ್ರ ಬೆಳೆಯ ಸಾಲಿಗೆ) ಹುಚ್ಚೆಳ್ಳು, ಸಾಸಿವೆ, ಅವರೆ ಹಾಕುತ್ತಿದ್ದರಲ್ಲ, ಅದು ಜೇನಿಗೂ ಊಟವೇ. ಬೇಸಿಗೆಗೆ ಹೊಂಗೆ ಇದೆ. ಬದುವಿಗೆ ಕಳೆನಾಶಕ ಹೊಡೆಯುವ ಚಟ ಮಾತ್ರ ಬಿಡಬೇಕು. ಬೆಳೆಗೆ ಔಷಧಿ ಹೊಡೆಯಲೇಬೇಕೆಂದರೆ ಜೇನು ಗೂಡು ಸೇರಿದ ಮೇಲೆ, ಸಂಜೆ.

ಅದೇ ಸಂಜೆ ಬದುವಿನ ಒಣ ಕಡ್ಡಿಗಳನ್ನೂ ಒಮ್ಮೆ ನೋಡಿ. ಗಂಡು ನೀಲಿ ಪಟ್ಟೆ ಜೇನುಗಳಿಗೆ ಗೂಡಿಲ್ಲ. ದವಡೆಯಲ್ಲಿ ಕಡ್ಡಿ ಕಚ್ಚಿಕೊಂಡು ಸಾಲಾಗಿ ನಿದ್ದೆ ಮಾಡುತ್ತವೆ. ಅಂಥ ಕಡ್ಡಿ ಸಿಕ್ಕರೆ ಕೀಳಬೇಡಿ, ನಾಳೆಯೂ ಅಲ್ಲಿಗೇ ಬರಬಹುದು.