ವಿಮಾನದ ಬಾಗಿಲು ಮುಚ್ಚಿದಾಗ ಉಸಿರು ಕಟ್ಟುವುದೇಕೆ?

ವಿಮಾನ ಹತ್ತಲು ಹೆದರುವವರೆಲ್ಲ ಒಂದೇ ಕಾರಣಕ್ಕೆ ಹೆದರುವುದಿಲ್ಲ. ಕೆಲವರಿಗೆ ವಿಮಾನ ಬಿದ್ದುಬಿಟ್ಟರೆ ಅನ್ನುವ ಭಯ. ಇನ್ನು ಕೆಲವರಿಗೆ ಆ ಚಿಂತೆಯೇ ಇರುವುದಿಲ್ಲ. ವಿಮಾನ ಇನ್ನೂ ನೆಲದ ಮೇಲೆ ನಿಂತಿರುತ್ತದೆ, ಬಾಗಿಲು ಮುಚ್ಚಿರುತ್ತದೆ, ಅಷ್ಟೇ. ಅವರ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಗಾಳಿ ಸಾಲುತ್ತಿಲ್ಲ ಅನಿಸುತ್ತದೆ. ಬೇಕೆಂದಾಗ ಎದ್ದು ಹೊರಗೆ ಹೋಗುವಂತಿಲ್ಲ ಅನ್ನುವುದೇ ಅವರ ಸಂಕಟ. ಇದು ಕ್ಲಾಸ್ಟ್ರೋಫೋಬಿಯಾ, ಅಂದರೆ ಇಕ್ಕಟ್ಟಾದ, ಮುಚ್ಚಿದ ಜಾಗದ ಭಯ. "ರಸ್ತೆಗಿಂತ ವಿಮಾನವೇ ಸೇಫ್, ಸುಮ್ನೆ ಕೂತ್ಕೊಳ್ಳಿ" ಅಂತ ಧೈರ್ಯ ಹೇಳಿದರೆ ಇವರಿಗೆ ಏನೂ ಉಪಯೋಗವಿಲ್ಲ. ಆ ಮಾತು ಬೇರೆ ಭಯಕ್ಕೆ ಉತ್ತರ.

ಈ ಭಯದಲ್ಲಿ ಎರಡು ಎಳೆಗಳಿವೆ ಅಂತ ಮನಶ್ಶಾಸ್ತ್ರಜ್ಞರಾದ ಸ್ಟಾನ್ಲಿ ರಾಕ್‌ಮನ್ ಮತ್ತು ಸ್ಟೀವನ್ ಟೇಲರ್ 1993ರಲ್ಲಿ ವಿವರಿಸಿದರು. ಒಂದು, ಉಸಿರುಗಟ್ಟುತ್ತದೆ ಅನ್ನುವ ಭಯ. ಇನ್ನೊಂದು, ಅಲುಗಾಡಲಾಗದೆ ಸಿಕ್ಕಿಬೀಳುವ ಭಯ. ವಿಮಾನ ಎರಡನ್ನೂ ಒಟ್ಟಿಗೆ ಕೆಣಕುತ್ತದೆ. ನಿಮಗೆ ಯಾವುದು ಜಾಸ್ತಿ ಅಂತ ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು. ಎರಡಕ್ಕೂ ಪರಿಹಾರ ಒಂದೇ ಅಲ್ಲ.

ಗಾಳಿಯ ವಿಷಯ ನೋಡೋಣ. ಹಾರುವಾಗ ಕ್ಯಾಬಿನ್ನಿನ ಗಾಳಿ ಗಂಟೆಗೆ ಸುಮಾರು 20ರಿಂದ 30 ಸಲ ಬದಲಾಗುತ್ತದೆ. ಹೆಚ್ಚಿನ ದೊಡ್ಡ ವಿಮಾನಗಳಲ್ಲಿ ಅದರಲ್ಲಿ ಅರ್ಧದಷ್ಟು ಹೊರಗಿನಿಂದ ಬಂದ ಹೊಸ ಗಾಳಿ, ಉಳಿದದ್ದು ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್‌ನಲ್ಲಿ ಸೋಸಿದ ಗಾಳಿ. ಒಳಗಿನ ಒತ್ತಡ ಮಾತ್ರ ನೆಲದಲ್ಲಿರುವುದಕ್ಕಿಂತ ಕಡಿಮೆ. ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ರಕ್ತದಲ್ಲಿ ಆಕ್ಸಿಜನ್ ಸ್ವಲ್ಪ ಇಳಿಯುತ್ತದೆ ನಿಜ, ಆದರೆ ಆರೋಗ್ಯವಂತರಿಗೆ ಅದು ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಒಣ ಹವೆ. ಕ್ಯಾಬಿನ್ನಿನ ತೇವಾಂಶ ಎಷ್ಟೋ ಸಲ 20 ಪರ್ಸೆಂಟಿಗಿಂತ ಕೆಳಗಿರುತ್ತದೆ. ಗಂಟಲು ಒಣಗುತ್ತದೆ, ಹೆದರಿದ ಮನಸ್ಸು ಅದನ್ನೇ ಉಸಿರುಗಟ್ಟುವ ಲಕ್ಷಣ ಅಂದುಕೊಳ್ಳುತ್ತದೆ. ಆಗಾಗ ನೀರು ಕುಡಿದರೆ ಇದು ಕಡಿಮೆಯಾಗುತ್ತದೆ.

ಉಸಿರು ತಗೋ ಅಂತ ದೇಹ ಒತ್ತಾಯಿಸುವುದು ಆಕ್ಸಿಜನ್ ಕಡಿಮೆಯಾಯಿತು ಅಂತಲ್ಲ. ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿತು ಅಂತ. ಈ ಎಚ್ಚರಿಕೆಯ ಗಂಟೆ ಎಷ್ಟು ಗಟ್ಟಿಯಾಗಿ ಬಾರಿಸುತ್ತದೆ ಅನ್ನುವುದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗೊತ್ತಾಯಿತು. ಭಯಕ್ಕೆ ಕೇಂದ್ರ ಅನ್ನಲಾಗುವ ಮೆದುಳಿನ ಅಮಿಗ್ಡಲಾ ಭಾಗ ಹಾಳಾಗಿದ್ದ ಮೂವರಿಗೆ 35 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದು ಉಸಿರು ಎಳೆದುಕೊಳ್ಳಲು ಹೇಳಿದರು. ಅವರಲ್ಲಿ ಒಬ್ಬರು ಹಾವು, ಜೇಡ ಕಂಡರೂ ಹೆದರದವರು. ಮೂವರೂ ಪ್ಯಾನಿಕ್ ಆದರು. ಹೊರಗಿನ ಯಾವ ಅಪಾಯಕ್ಕೂ ಜಗ್ಗದವರನ್ನು ಒಂದು ಉಸಿರು ನಡುಗಿಸಿತು. ಹಾಗಾಗಿ ವಿಮಾನದಲ್ಲಿ ಉಸಿರುಗಟ್ಟಿದ ಹಾಗೆ ಆಗಿ ನಡುಗುವವರನ್ನು ಪುಕ್ಕಲರು ಅನ್ನುವುದು ಅನ್ಯಾಯ.

ವಿಮಾನದಲ್ಲಿ ಆಗುವುದು ಮಾತ್ರ ಇದಕ್ಕೆ ಉಲ್ಟಾ. ಹೆದರಿಕೆಯಲ್ಲಿ ಉಸಿರು ಜೋರಾಗುತ್ತದೆ, ಬೇಕಾದ್ದಕ್ಕಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ. ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಎದೆ ಬಿಗಿಯುತ್ತದೆ. ಗಾಳಿ ಸಾಲದೆ ಹೀಗಾಯಿತು ಅಂದುಕೊಂಡು ಇನ್ನೂ ಜೋರಾಗಿ ಉಸಿರಾಡುತ್ತಾರೆ, ತೊಂದರೆ ಇನ್ನೂ ಏರುತ್ತದೆ. ಅದಕ್ಕೇ "ದೊಡ್ಡದಾಗಿ ಉಸಿರೆಳೆದುಕೊಳ್ಳಿ" ಅನ್ನುವ ಸಲಹೆ ನನಗೆ ಸರಿ ಕಾಣುವುದಿಲ್ಲ. ಎಳೆದುಕೊಳ್ಳುವುದು ಸಣ್ಣದಾಗಿರಲಿ, ಬಿಡುವುದು ನಿಧಾನವಾಗಿರಲಿ. ಮೂಗಿನಲ್ಲಿ 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ಕೆಲವು ನಿಮಿಷ. ತಲೆಯ ಮೇಲಿನ ಗಾಳಿಯ ಕೊಳವೆಯನ್ನು ಮುಖದ ಕಡೆ ತಿರುಗಿಸಿ. ಕೆನ್ನೆ, ಮೂಗಿನ ಮೇಲೆ ತಂಪು ಗಾಳಿ ಬೀಸಿದರೆ ಏದುಸಿರಿನ ಅನುಭವ ತಗ್ಗುತ್ತದೆ. ಶ್ವಾಸಕೋಶದ ಕಾಯಿಲೆ ಇರುವವರಿಗೂ ವೈದ್ಯರು ಕೈಯಲ್ಲಿ ಹಿಡಿಯುವ ಸಣ್ಣ ಫ್ಯಾನ್ ಕೊಡುವುದು ಇದಕ್ಕೇ. ಕಾಗದದ ಚೀಲದೊಳಗೆ ಉಸಿರಾಡುವುದು ಮಾತ್ರ ಬೇಡ, ಅದರಿಂದ ಆಕ್ಸಿಜನ್ ಕಡಿಮೆಯಾಗಬಹುದು.

ಇನ್ನು ಸಿಕ್ಕಿಬೀಳುವ ಭಯ. ನಮ್ಮ ಸುತ್ತಲಿನ ಒಂದಿಷ್ಟು ಜಾಗವನ್ನು ಮೆದುಳು "ನನ್ನದು" ಅಂತ ಲೆಕ್ಕ ಹಾಕುತ್ತದೆ. ಆ ಜಾಗ ಯಾರಿಗೆ ಹೆಚ್ಚು ದೂರ ಚಾಚಿರುತ್ತದೋ ಅವರಲ್ಲಿ ಕ್ಲಾಸ್ಟ್ರೋಫೋಬಿಯಾದ ಭಯವೂ ಹೆಚ್ಚಿರುತ್ತದೆ ಅಂತ ಸ್ಟೆಲ್ಲಾ ಲೊರೆಂಕೊ ಮತ್ತು ಸಂಗಡಿಗರು 2011ರಲ್ಲಿ ಕಂಡುಕೊಂಡರು. ಅಂಥವರಿಗೆ ಪಕ್ಕದವರ ಮೊಣಕೈ, ಮುಂದಿನವರು ಹಿಂದಕ್ಕೆ ಬಾಗಿಸಿದ ಸೀಟು ನಿಜವಾಗಿಯೂ ಮೈಮೇಲೆ ಬಂದ ಹಾಗೆ ಅನಿಸುತ್ತದೆ. ದಾರಿ ಪಕ್ಕದ ಸೀಟು ತಗೊಳ್ಳಿ, ಸಾಧ್ಯವಾದರೆ ಮುಂದಿನ ಸಾಲಿನಲ್ಲಿ. ಕೊನೆಯಲ್ಲಿ ಹತ್ತಿದರೆ ಒಳಗೆ ಕಾಯುವ ಸಮಯ ಉಳಿಯುತ್ತದೆ. ಸಿಬ್ಬಂದಿಗೆ ಮೊದಲೇ ಹೇಳಿ, ಅವರು ಇಂಥವರನ್ನು ನೋಡಿರುತ್ತಾರೆ.

ಮಾತ್ರೆ ನುಂಗಿ ಹೋಗಿಬಿಡೋಣ ಅನ್ನುವವರು ಒಂದು ಪ್ರಯೋಗವನ್ನು ತಿಳಿದಿರಬೇಕು. ಫ್ರಾಂಕ್ ವಿಲ್‌ಹೆಲ್ಮ್ ಮತ್ತು ವಾಲ್ಟನ್ ರಾತ್ 1997ರಲ್ಲಿ ವಿಮಾನ ಅಂದರೆ ಹೆದರುವ ಮಹಿಳೆಯರಲ್ಲಿ ಕೆಲವರಿಗೆ ಆತಂಕ ತಗ್ಗಿಸುವ ಆಲ್ಪ್ರಝೋಲಾಮ್ ಮಾತ್ರೆ, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ ಕೊಟ್ಟರು. ಆಲ್ಪ್ರಝೋಲಾಮ್ ತಗೊಂಡವರಿಗೆ ಆ ದಿನ ಆತಂಕ ಕಡಿಮೆಯಿತ್ತು. ಒಂದು ವಾರ ಬಿಟ್ಟು ಮಾತ್ರೆಯಿಲ್ಲದೆ ಹಾರಿದಾಗ ಪ್ಯಾನಿಕ್ ಜಾಸ್ತಿ ಆದದ್ದು ಅವರಿಗೇ. ಭಯ ಏರಿ ತಾನಾಗಿ ಇಳಿಯುವುದನ್ನು ನೋಡುವ ಅವಕಾಶವನ್ನು ಮಾತ್ರೆ ಕಸಿದುಕೊಂಡಿತ್ತು ಅನ್ನುವುದು ಒಂದು ವಿವರಣೆ. ಕೆಲವರಿಗೆ ಮಾತ್ರೆ ಬೇಕಾಗಬಹುದು, ಅದನ್ನು ವೈದ್ಯರೇ ಹೇಳಬೇಕು. ಅದರ ಜೊತೆ ಮದ್ಯ ಮಾತ್ರ ಅಪಾಯ.

ಪ್ಯಾನಿಕ್ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಇಳಿಯುವ ಮೊದಲೇ ಎದ್ದು ಓಡಿದರೆ "ಓಡಿದ್ದಕ್ಕೆ ಬದುಕಿದೆ" ಅಂತ ಮೆದುಳು ಕಲಿಯುತ್ತದೆ. ಎಕ್ಸ್‌ಪೋಶರ್ ಚಿಕಿತ್ಸೆ ಇದನ್ನೇ ತಿರುಗಿಸುತ್ತದೆ. ಪ್ರಯಾಣಕ್ಕೆ ವಾರಗಳು ಇರುವಾಗಲೇ ಲಿಫ್ಟ್, ಕಿಟಕಿಯಿಲ್ಲದ ಕೋಣೆ, ಕಾರಿನ ಹಿಂದಿನ ಸೀಟಿನ ನಡುವಿನ ಜಾಗ, ಹೀಗೆ ಸುಲಭದಿಂದ ಕಷ್ಟಕ್ಕೆ ಹೋಗಿ, ಭಯ ತಗ್ಗುವವರೆಗೂ ಅಲ್ಲೇ ಇರುವ ಅಭ್ಯಾಸ. ಇಂಥ ಒಂದೊಂದೇ ವಸ್ತು ಅಥವಾ ಸನ್ನಿವೇಶದ ಭಯಗಳಿಗೆ ಹೆಚ್ಚೆಂದರೆ ಮೂರು ಗಂಟೆಯ, ಒಂದೇ ಭೇಟಿಯಲ್ಲಿ ಮುಗಿಯುವ ಚಿಕಿತ್ಸೆಯನ್ನು ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ 1989ರಲ್ಲಿ ವಿವರಿಸಿದ್ದರು. ವಿಮಾನವೇ ಅಭ್ಯಾಸಕ್ಕೆ ಸಿಗದವರಿಗೆ ವರ್ಚುವಲ್ ರಿಯಾಲಿಟಿ ಇದೆ, ಅಂದರೆ ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕದಲ್ಲಿ ನಿಜದ ಹಾಗೆ ಕಾಣುವ ಕಂಪ್ಯೂಟರ್ ದೃಶ್ಯ. ಬಾರ್ಬರಾ ರಾಥ್‌ಬಾಮ್ ತಂಡದ 2000ದ ಅಧ್ಯಯನದಲ್ಲಿ ಕನ್ನಡಕದೊಳಗಿನ ವಿಮಾನದಲ್ಲಿ ಅಭ್ಯಾಸ ಮಾಡಿದವರಿಗೂ, ನಿಜವಾದ ವಿಮಾನ ನಿಲ್ದಾಣಕ್ಕೆ ಹೋಗಿ ಅಭ್ಯಾಸ ಮಾಡಿದವರಿಗೂ ಹೆಚ್ಚುಕಡಿಮೆ ಒಂದೇ ಫಲ ಸಿಕ್ಕಿತು.