ಗೈನೆಕೊಮಾಸ್ಟಿಯಾ: ಗಂಡಸರ ಎದೆ ಉಬ್ಬುವುದು ಯಾಕೆ?

ಗಂಡಸರ ಮೊಲೆತೊಟ್ಟಿನ ಹಿಂದಿರುವ ಗ್ರಂಥಿ ಬೆಳೆದು ಎದೆ ಉಬ್ಬಿದರೆ ಡಾಕ್ಟರುಗಳು ಅದನ್ನು ಗೈನೆಕೊಮಾಸ್ಟಿಯಾ ಅನ್ನುತ್ತಾರೆ. ಈ ಗ್ರಂಥಿ ಗಂಡಿಗೂ ಹುಟ್ಟಿನಿಂದಲೇ ಸ್ವಲ್ಪ ಇರುತ್ತದೆ. ಈಸ್ಟ್ರೋಜೆನ್ ಅದನ್ನು ಬೆಳೆಸುತ್ತದೆ, ಟೆಸ್ಟೋಸ್ಟೆರಾನ್ ತಡೆದಿಡುತ್ತದೆ. ಗಂಡಸರ ದೇಹದಲ್ಲಿ ಈ ಎರಡೂ ಹಾರ್ಮೋನುಗಳಿವೆ. ಇವುಗಳ ಹದ ತಪ್ಪಿದಾಗ ಎದೆ ಉಬ್ಬುತ್ತದೆ. ಹುಡುಗ ಹುಡುಗಿಯಾಗುತ್ತಿದ್ದಾನೆ ಅನ್ನುವುದು ಸುಳ್ಳು.

ಈ ಹದ ತಾನಾಗಿಯೇ ತಪ್ಪುವ ಕಾಲ ಮೂರು. ತಾಯಿಯ ಹಾರ್ಮೋನಿನಿಂದ ಹಸುಗೂಸಿನ ಎದೆ ಉಬ್ಬಬಹುದು. ಕೆಲವು ವಾರಗಳಲ್ಲಿ ಇಳಿಯುತ್ತದೆ, ಸುಮ್ನೆ ಹಿಂಡಬಾರದು. ಹಿಂಡಿದರೆ ಕೀವು ಆಗಬಹುದು. ಇನ್ನೊಂದು ಪ್ರಾಯಕ್ಕೆ ಬರುವ ಕಾಲ, ಹೆಚ್ಚಾಗಿ 12ರಿಂದ 15 ವರ್ಷದೊಳಗೆ. ಮತ್ತೊಂದು 50 ದಾಟಿದ ಮೇಲೆ, ಟೆಸ್ಟೋಸ್ಟೆರಾನ್ ಇಳಿದು ಮೈಯಲ್ಲಿ ಕೊಬ್ಬು ಏರುವಾಗ. ಕೊಬ್ಬಿಗೂ ಇದಕ್ಕೂ ಸಂಬಂಧ ಇದೆ: ಟೆಸ್ಟೋಸ್ಟೆರಾನನ್ನು ಈಸ್ಟ್ರೋಜೆನ್ ಆಗಿ ಬದಲಿಸುವ ಕೆಲಸ ಕೊಬ್ಬಿನಲ್ಲೂ ನಡೆಯುತ್ತದೆ.

ನನಗೆ ಜಾಸ್ತಿ ಹೇಳಬೇಕಾಗಿರುವುದು ಹೈಸ್ಕೂಲು ಹುಡುಗರ ಬಗ್ಗೆ. ಆ ವಯಸ್ಸಿನವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಇದು ಸ್ವಲ್ಪವಾದರೂ ಬರುತ್ತದೆ. ತೊಟ್ಟಿನ ಹಿಂದೆ ಸಣ್ಣ ಗಂಟು, ಮುಟ್ಟಿದರೆ ನೋವು. ಒಂದು ಬದಿಗೆ ಮೊದಲು ಬಂದು ಇನ್ನೊಂದು ಬದಿಗೆ ಆಮೇಲೆ ಬರಬಹುದು. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಆದರೆ ಆ ಎರಡು ವರ್ಷ ಹುಡುಗನಿಗೆ ಬಹಳ ಉದ್ದ. ನಮ್ಮ ಕಾಸರಗೋಡು ಕಡೆ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕು. ತೋಟದ ಕೆಲಸಕ್ಕೆ, ಕೆರೆಯಲ್ಲಿ ಈಜಲಿಕ್ಕೆ ಅಂಗಿ ಹಾಕುವವರಿಲ್ಲ. ಅಡಗಿಸಿಕೊಳ್ಳಲು ಜಾಗವೇ ಇಲ್ಲ ಅಲ್ವಾ? ಹಾಗಾಗಿ ಹುಡುಗ ದೇವಸ್ಥಾನಕ್ಕೆ ಬರುವುದಿಲ್ಲ ಅನ್ನುತ್ತಾನೆ, ಈಜು ಬಿಡುತ್ತಾನೆ, ಸೆಕೆಯಲ್ಲೂ ಮೈತುಂಬ ಬೈರಾಸು ಹೊದ್ದುಕೊಳ್ಳುತ್ತಾನೆ. ಮನೆಯವರು ಅದನ್ನು ಸೊಕ್ಕು ಅಂದುಕೊಳ್ಳುತ್ತಾರೆ. ಬೈಯುವ ಮೊದಲು ಅಪ್ಪನೋ ಮಾವನೋ ಒಬ್ಬನನ್ನೇ ಕರೆದು ಕೇಳಲಿ. "ಇದು ಎಷ್ಟೋ ಹುಡುಗರಿಗೆ ಬರುತ್ತದೆ, ಹೋಗುತ್ತದೆ" ಎಂಬ ಒಂದು ಮಾತು ಅವನಿಗೆ ದೊಡ್ಡ ಧೈರ್ಯ. ನೆಂಟರಿಷ್ಟರ ಎದುರು ತಮಾಷೆ ಮಾಡುವವರನ್ನು ಅಲ್ಲೇ ತಡೆಯಬೇಕು.

ಗ್ರಂಥಿಯೋ ಬರೀ ಕೊಬ್ಬೋ ಅಂತ ಒಂದು ಅಂದಾಜು ಮನೆಯಲ್ಲೇ ಸಿಗುತ್ತದೆ. ಅಂಗಾತ ಮಲಗಿ ಕೈಗಳನ್ನು ತಲೆಯ ಹಿಂದೆ ಇಟ್ಟುಕೊಳ್ಳಬೇಕು. ಇನ್ನೊಬ್ಬರು ಹೆಬ್ಬೆರಳು, ತೋರುಬೆರಳನ್ನು ಎದೆಯ ಎರಡು ಬದಿಯಿಂದ ಮೆಲ್ಲ ತೊಟ್ಟಿನ ಕಡೆಗೆ ತರಬೇಕು. ತೊಟ್ಟಿನ ಸರಿ ಕೆಳಗೆ ರಬ್ಬರಿನ ಬಿಲ್ಲೆಯಂಥದ್ದು ಸಿಕ್ಕಿದರೆ ಅದು ಗ್ರಂಥಿ. ಏನೂ ಅಡ್ಡ ಸಿಗದೆ ಬೆರಳುಗಳು ತೊಟ್ಟಿನ ತನಕ ಮೆತ್ತಗೆ ಬಂದರೆ ಕೊಬ್ಬು. ಕೊಬ್ಬಾದರೆ ತೂಕ ಇಳಿಸಿದಾಗ ಕಡಿಮೆಯಾಗುತ್ತದೆ. ಬೆಳೆದು ನಿಂತ ಗ್ರಂಥಿ ಎಷ್ಟು ದಂಡ ಹೊಡೆದರೂ ಕರಗುವುದಿಲ್ಲ. ಜಿಮ್ಮಿನಲ್ಲಿ ಯಾರೋ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಂತೂ ಬೇಡವೇ ಬೇಡ. ಅದೇ ಮೈಯೊಳಗೆ ಈಸ್ಟ್ರೋಜೆನ್ ಆಗಿ ಬದಲಾಗಿ ಎದೆಯನ್ನು ಬೆಳೆಸಬಹುದು.

ದೊಡ್ಡವರಿಗೆ ಹೊಸದಾಗಿ ಬಂದರೆ ಮೊದಲು ನೋಡಬೇಕಾದ್ದು ಮಾತ್ರೆಗಳನ್ನು. ಹೃದಯದ ತೊಂದರೆಗೆ, ಹೊಟ್ಟೆಯಲ್ಲಿ ನೀರು ತುಂಬಿದ್ದಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಇದಕ್ಕೆ ಹೆಸರಾದದ್ದು. ಪ್ರೊಸ್ಟೇಟಿನ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ತೊಂದರೆಗೆ ಕೊಡುವ ಫಿನಾಸ್ಟರೈಡ್, ಬೈಕಾಲುಟಮೈಡ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್‌ನಿಂದಲೂ ಬರಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಕುಡಿತದಿಂದ ಲಿವರ್ ಹಾಳಾದವರಲ್ಲಿ, ಕಿಡ್ನಿ ಸೋತವರಲ್ಲಿ, ಥೈರಾಯ್ಡ್ ಹೆಚ್ಚಾದವರಲ್ಲಿ ಇದು ಕಾಣುತ್ತದೆ. ಅಪರೂಪಕ್ಕೆ ವೃಷಣದ ಗಡ್ಡೆಯೂ ಕಾರಣ. ಡಾಕ್ಟರು ವೃಷಣ ನೋಡಬೇಕು ಅಂದರೆ ಅದಕ್ಕೇ, ನಾಚಬೇಡಿ.

ಕೆಲವು ಲಕ್ಷಣಗಳಿಗೆ ಕಾಯಲೇಬಾರದು. ಒಂದೇ ಬದಿಗೆ ಕಲ್ಲಿನಂತೆ ಗಟ್ಟಿ ಗಡ್ಡೆ, ತೊಟ್ಟಿನಿಂದ ಪಕ್ಕಕ್ಕೆ ಸರಿದದ್ದು, ತೊಟ್ಟು ಒಳಗೆ ಸೇದಿಕೊಂಡದ್ದು, ರಕ್ತ ಒಸರುವುದು, ಚರ್ಮ ಕುಳಿಬಿದ್ದದ್ದು, ಕಂಕುಳಲ್ಲಿ ಗಂಟು. ಸ್ತನ ಕ್ಯಾನ್ಸರ್ ಗಂಡಸರಿಗೂ ಬರುತ್ತದೆ. ಒಟ್ಟು ಸ್ತನ ಕ್ಯಾನ್ಸರಿನಲ್ಲಿ ಅವರ ಪಾಲು ಸುಮಾರು ನೂರಕ್ಕೆ ಒಂದು ಮಾತ್ರ. ಆದರೆ ಗಂಡಸರಿಗೆ ಎಲ್ಲಿಂದ ಬರುತ್ತದೆ ಅಂತ ಬಿಟ್ಟುಬಿಟ್ಟು ತಡಮಾಡುವುದೇ ದೊಡ್ಡ ಅಪಾಯ.

ಮೊದಲು ತೋರಿಸಲು ಹತ್ತಿರದ ಆಸ್ಪತ್ರೆಯ ಸರ್ಜನ್ ಸಾಕು. ಅಗತ್ಯ ಬಿದ್ದರೆ ಹಾರ್ಮೋನಿನ ಡಾಕ್ಟರಲ್ಲಿಗೆ ಕಳಿಸುತ್ತಾರೆ. ಕಾಸರಗೋಡಾಗಲಿ ಮಂಗಳೂರಾಗಲಿ, ಹೋಗುವಾಗ ತಿನ್ನುವ ಮಾತ್ರೆಗಳ ಚೀಟಿಯನ್ನೆಲ್ಲ ಒಯ್ಯಿರಿ. ಇಂಥ ವಿಷಯವನ್ನು ಮಲೆಯಾಳದಲ್ಲಿ ಹೇಳಲು ತಡವರಿಸುವುದಾದರೆ, ಎಷ್ಟು ತಿಂಗಳಾಯಿತು, ನೋವಿದೆಯೋ, ಬೆಳೆಯುತ್ತಿದೆಯೋ ಅಂತ ಕಾಗದದಲ್ಲಿ ಬರೆದುಕೊಂಡು ಹೋಗಿ. ಬೇಕಿದ್ದರೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುತ್ತಾರೆ.

ಹುಡುಗರಿಗೆ ಹೆಚ್ಚಾಗಿ ಕಾಯುವುದೇ ಚಿಕಿತ್ಸೆ. ನೋವಿದ್ದು, ಶುರುವಾಗಿ ಹೆಚ್ಚು ಸಮಯ ಆಗದಿದ್ದರೆ ಕೆಲವರಿಗೆ ಟಮಾಕ್ಸಿಫೆನ್ ಮಾತ್ರೆ ಕೊಡುವುದುಂಟು. ಒಂದು ವರ್ಷ ಕಳೆದರೆ ಗ್ರಂಥಿ ನಾರುಗಟ್ಟುತ್ತದೆ, ಮಾತ್ರೆ ಅಷ್ಟಾಗಿ ಹಿಡಿಯುವುದಿಲ್ಲ. ಆಗ ಉಳಿಯುವುದು ಆಪರೇಷನ್. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಗ್ರಂಥಿ ತೆಗೆಯುತ್ತಾರೆ. ಕೊಬ್ಬೂ ಇದ್ದರೆ ಹೀರಿ ತೆಗೆಯುತ್ತಾರೆ. ಆಮೇಲೆ ಕೆಲವು ವಾರ ಬಿಗಿ ಬನಿಯನ್ ಹಾಕಬೇಕು. ರಕ್ತ ಕಟ್ಟುವುದು, ತೊಟ್ಟಿಗೆ ಸ್ಪರ್ಶ ಕಡಿಮೆಯಾಗುವುದು, ಎದೆ ಸ್ವಲ್ಪ ಕುಳಿಬೀಳುವುದು ಉಂಟು. ಒಪ್ಪಿಕೊಳ್ಳುವ ಮೊದಲೇ ಇದನ್ನೆಲ್ಲ ಕೇಳಿ ತಿಳಿಯಿರಿ. ಪ್ರಾಯಕ್ಕೆ ಬರುವ ಕಾಲ ಇನ್ನೂ ಮುಗಿಯದ ಹುಡುಗನಿಗೆ ಅವಸರದಲ್ಲಿ ಮಾಡಿಸಿದರೆ ಗ್ರಂಥಿ ಮತ್ತೆ ಬೆಳೆಯಬಹುದು.