ಒಂದೇ ಮನೆಯ ಮೂರು ಅಂಕಪಟ್ಟಿ: ಕರಾವಳಿಯಲ್ಲಿ ಭೌತಶಾಸ್ತ್ರದ ಪದವಿ ಬದಲಾದ ಬಗೆ

ಉಡುಪಿಯಲ್ಲಿರುವ ಅಕ್ಕನ ಮನೆಯಲ್ಲಿ ಈಚೆಗೆ ಮೂರು ಅಂಕಪಟ್ಟಿಗಳು ಒಟ್ಟಿಗೆ ಮೇಜಿನ ಮೇಲೆ ಬಂದವು. ಒಂದು ನನ್ನದು, ವಾರ್ಷಿಕ ಪರೀಕ್ಷೆಯ ಕಾಲದ ಬಿಎಸ್‌ಸಿ, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್). ಇನ್ನೊಂದು ಅಕ್ಕನ ಮಗಳದ್ದು. ಅವಳು 2021ರಲ್ಲಿ ಸೇರಿದವಳು, ಎನ್‌ಇಪಿಯ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚ್. ಮೂರನೆಯದು ಅವಳ ತಮ್ಮನದ್ದು. ಅವನು ಸೇರಿದ್ದು 2024ರಲ್ಲಿ, ಎಸ್‌ಇಪಿಯಲ್ಲಿ, ಅಂದರೆ ರಾಜ್ಯ ಶಿಕ್ಷಣ ನೀತಿಯಲ್ಲಿ. ಮೂರರಲ್ಲೂ ಭೌತಶಾಸ್ತ್ರ ಇದೆ. ಆದರೆ ಪದವಿ ಮುಗಿಸಲು ಏನೇನು ಬೇಕು ಎಂದು ಕೂತು ನೋಡಿದರೆ ಮೂರೂ ಬೇರೆ ಬೇರೆ.

"ಚಿಕ್ಕಮ್ಮ, ಫಿಸಿಕ್ಸ್ ಒಂದೇ ಅಲ್ವಾ? ನಿಯಮ ಯಾಕೆ ಇಷ್ಟು ಸಲ ಬದಲಾಯಿತು?" ಎಂದು ಹುಡುಗ ಕೇಳಿದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮಂಗಳೂರಿನ ಹಳೆಯ ಕಾಲೇಜುಗಳು ಶುರುವಾದಾಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಪಾಠಪಟ್ಟಿ, ಪರೀಕ್ಷೆ, ಪದವಿ ಎಲ್ಲವೂ ಮದ್ರಾಸ್ ವಿಶ್ವವಿದ್ಯಾಲಯದ್ದು. ಆಗ ವಿಜ್ಞಾನ ಓದಿದವರಿಗೂ ಬಿಎ ಪದವಿಯೇ ಸಿಗುತ್ತಿತ್ತು. ಸರ್ ಸಿ.ವಿ. ರಾಮನ್ 1904ರಲ್ಲಿ ಮದ್ರಾಸಿನಲ್ಲಿ ಭೌತಶಾಸ್ತ್ರಕ್ಕೆ ಚಿನ್ನದ ಪದಕ ಪಡೆದು ಮುಗಿಸಿದ್ದು ಬಿಎಸ್‌ಸಿಯನ್ನಲ್ಲ, ಬಿಎಯನ್ನು. ಇದನ್ನು ಹೇಳಿದಾಗ ಹುಡುಗ ನಂಬಲೇ ಇಲ್ಲ. ಪದವಿಯ ಹೆಸರು, ಅದರ ವರ್ಷ, ಅದರ ಜೊತೆಗಿನ ವಿಷಯಗಳು, ಇವನ್ನೆಲ್ಲ ಆಯಾ ಕಾಲದ ಆಡಳಿತ ತೀರ್ಮಾನಿಸುತ್ತದೆ. ಅದು ಇವತ್ತಿನ ಕಥೆ ಮಾತ್ರ ಅಲ್ಲ.

ಮದ್ರಾಸ್ ಕಾಲದ ಕೊನೆಯ ದಶಕಗಳಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷ ಇಂಟರ್‌ಮೀಡಿಯೆಟ್, ಮತ್ತೆ ಎರಡು ವರ್ಷ ಪದವಿ. ಉಡುಪಿಯ ಎಂಜಿಎಂ ಕಾಲೇಜು 1949ರಲ್ಲಿ ತೆರೆದಾಗಲೂ ಇದೇ ಕ್ರಮ. ಅದೇ ಹೊತ್ತಿಗೆ ಡಾ. ರಾಧಾಕೃಷ್ಣನ್ ಅವರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಪದವಿಗೆ ಮೂರು ವರ್ಷ ಇರಬೇಕು ಎಂದು ಹೇಳಿತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಯಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಮುಂದೆ ಇಲ್ಲಿನ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಕೆಳಗೆ ಬಂದವು. ಪಿಯುಸಿ, ಆಮೇಲೆ ಮೂರು ವರ್ಷದ ಪದವಿ ಎಂಬ ಲೆಕ್ಕ ನಿಂತದ್ದು ಹೀಗೆ. 1980ರ ಸೆಪ್ಟೆಂಬರ್‌ನಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಪರೀಕ್ಷೆಯ ಕೆಲಸಕ್ಕೆ ಮೈಸೂರಿನವರೆಗೆ ಓಡಾಡುವುದು ತಪ್ಪಿತು.

ನನ್ನಂಥವರು ಓದಿದ್ದು ಈ ಮೂರು ವರ್ಷದ ಚೌಕಟ್ಟಿನಲ್ಲಿ. ಮೊದಲೆರಡು ವರ್ಷ ಎರಡು ಭಾಷೆ, ಜೊತೆಗೆ ಮೂರು ಆಪ್ಷನಲ್, ಅಂದರೆ ನಾವೇ ಆರಿಸಿಕೊಂಡ ಮುಖ್ಯ ವಿಷಯಗಳು. ಕೊನೆಯ ವರ್ಷ ಆಪ್ಷನಲ್‌ಗಳು ಮಾತ್ರ. ಫಿಸಿಕ್ಸ್ ಬೇಕೆಂದರೆ ಬಹುತೇಕ ಕಡೆ ಮ್ಯಾಥ್ಸ್ ತೆಗೆದುಕೊಳ್ಳಲೇಬೇಕಿತ್ತು. ಮೂರನೆಯದು ಕೆಮಿಸ್ಟ್ರಿ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಅಥವಾ ಸ್ಟ್ಯಾಟಿಸ್ಟಿಕ್ಸ್. ಈ ಜೋಡಣೆ ಸುಮ್ನೆ ಬಂದದ್ದಲ್ಲ. ಡಿಫರೆನ್ಷಿಯಲ್ ಸಮೀಕರಣ ಗೊತ್ತಿಲ್ಲದೆ ಲೋಲಕದ ಚಲನೆಯನ್ನು ಪೂರ್ತಿ ಬರೆಯಲಾಗದು, ಕ್ವಾಂಟಮ್ ಪಾಠವಂತೂ ಮೊದಲ ಪುಟದಲ್ಲೇ ನಿಂತುಬಿಡುತ್ತದೆ. ಕೆಲಸದ ಕಾರಣವೂ ಇತ್ತು. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆಯ ಶಿಕ್ಷಕರ ಹುದ್ದೆಗಳನ್ನೇ ಪಿಸಿಎಂ, ಸಿಬಿಝೆಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ) ಎಂದು ಕರೆಯುತ್ತಾರೆ. ಬಿಎಸ್‌ಸಿ, ಬಿಇಡಿ ಮಾಡಿ ಮೇಷ್ಟ್ರಾಗುವ ದಾರಿ ಕರಾವಳಿಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ.

ಇನ್ನು ಲ್ಯಾಬ್. ಪದವಿಗೆ ಬೇಕಾದದ್ದರ ಪಟ್ಟಿ ಎಷ್ಟು ಸಲ ಬದಲಾದರೂ ಲ್ಯಾಬ್ ಮಾತ್ರ ಅದರಿಂದ ಹೊರಗೆ ಹೋಗಿಲ್ಲ. ಪ್ರಯೋಗ ಮಾಡಬೇಕು, ರೆಕಾರ್ಡ್ ಬರೆಯಬೇಕು, ಸಹಿ ಹಾಕಿಸಬೇಕು, ವೈವಾಕ್ಕೆ ಉತ್ತರ ಹೇಳಬೇಕು. ಬಾರ್ ಪೆಂಡುಲಮ್, ನ್ಯೂಟನ್ಸ್ ರಿಂಗ್ಸ್, ಎಲ್‌ಸಿಆರ್ ಸರ್ಕ್ಯೂಟ್, ಝೀನರ್ ಡಯೋಡ್. ನನ್ನ ರೆಕಾರ್ಡ್‌ನಲ್ಲಿದ್ದ ಹೆಸರುಗಳೇ ಹುಡುಗನ ರೆಕಾರ್ಡ್‌ನಲ್ಲೂ ಉಂಟು. ನಮ್ಮ ಊರಿನ ಲ್ಯಾಬ್‌ಗೆ ಅದರದ್ದೇ ಕಷ್ಟ. ಜೂನ್ ಬಂತೆಂದರೆ ಗಾಳಿಯಲ್ಲೇ ನೀರು. ಲೆನ್ಸ್, ಪ್ರಿಸಮ್‌ಗೆ ಫಂಗಸ್ ಹಿಡಿಯುತ್ತದೆ. ಉಜ್ಜಿ ತುಂಬಿಸಿದ ವಿದ್ಯುದಂಶ ಒಂದು ಕ್ಷಣವೂ ನಿಲ್ಲುವುದಿಲ್ಲ. ನಮ್ಮ ಕಾಲೇಜಿನ ಅಟೆಂಡರ್ ಮಳೆಗಾಲ ಪೂರ್ತಿ ಲೆನ್ಸ್ ಪೆಟ್ಟಿಗೆಯ ಹತ್ತಿರ ಒಂದು ಬಲ್ಬ್ ಉರಿಸಿಡುತ್ತಿದ್ದರು. ಉಪಕರಣವನ್ನು ನೋಡಿಕೊಳ್ಳುವುದು ಹೇಗೆಂದು ನಾನು ಕಲಿತದ್ದು ಅವರಿಂದ.

2006ರಲ್ಲಿ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೆಮಿಸ್ಟರ್ ಪದ್ಧತಿ ಬಂತು, ಅದರೊಂದಿಗೆ ಕ್ರೆಡಿಟ್ ಎಂಬ ಲೆಕ್ಕ. ಈಗಿನ ಲೆಕ್ಕದಲ್ಲಿ ವಾರಕ್ಕೆ ಒಂದು ಗಂಟೆ ಥಿಯರಿಗೆ ಒಂದು ಕ್ರೆಡಿಟ್, ಎರಡು ಗಂಟೆ ಲ್ಯಾಬ್‌ಗೆ ಒಂದು ಕ್ರೆಡಿಟ್. ಅಂದರೆ ಕಾಗದದ ಮೇಲೆ ಲ್ಯಾಬ್‌ನ ಒಂದು ಗಂಟೆಗೆ ಅರ್ಧ ಬೆಲೆ. ಇದು ಹಲವು ಕಡೆ ಇರುವ ಲೆಕ್ಕ, ನನಗೆ ಮಾತ್ರ ಇವತ್ತಿಗೂ ಒಪ್ಪಿಗೆಯಾಗಿಲ್ಲ. ರೀಡಿಂಗ್ ಸರಿ ಬಾರದೆ ಮೂರು ಸಲ ಮತ್ತೆ ಶುರು ಮಾಡುವ ಆ ಗಂಟೆಗಳಲ್ಲೇ ಭೌತಶಾಸ್ತ್ರ ಮೈಗೆ ಹತ್ತುವುದು.

ಆಮೇಲೆ ಬದಲಾವಣೆಗೆ ವೇಗ ಬಂತು. 2019ರಲ್ಲಿ ಸಿಬಿಸಿಎಸ್, ಅಂದರೆ ಆಯ್ಕೆಗೆ ಅವಕಾಶವಿರುವ ಕ್ರೆಡಿಟ್ ಪದ್ಧತಿ. ಆ ಬ್ಯಾಚಿನವರಿಗೆ ಮೊದಲ ವರ್ಷ ಮುಗಿಯುವ ಮೊದಲೇ ಕೊರೊನಾ ಎದುರಾಯಿತು. 2021ರಲ್ಲಿ ಎನ್‌ಇಪಿ. ಅದನ್ನು ಜಾರಿಗೆ ತಂದ ಮೊದಲ ರಾಜ್ಯ ನಮ್ಮದು. ನಾಲ್ಕು ವರ್ಷದ ಆನರ್ಸ್, ಮಧ್ಯದಲ್ಲಿ ಬಿಟ್ಟರೆ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ. ಮೂರು ಆಪ್ಷನಲ್ ಹೋಗಿ ಎರಡು ಮೇಜರ್ (ಮುಖ್ಯ ವಿಷಯ) ಉಳಿದವು. ಜಾಗ ಖಾಲಿಯಾದಲ್ಲಿ ಓಪನ್ ಎಲೆಕ್ಟಿವ್ (ಬೇರೆ ವಿಭಾಗದ ವಿಷಯ), ಡಿಜಿಟಲ್ ಫ್ಲುಯೆನ್ಸಿಯಂಥ ಪೇಪರ್‌ಗಳು ಬಂದವು. ಥಿಯರಿಗೆ 60 ಅಂಕ ಪರೀಕ್ಷೆಗೆ, 40 ಇಂಟರ್ನಲ್‌ಗೆ.

ಅಕ್ಕನ ಮಗಳು ಫಿಸಿಕ್ಸ್, ಕೆಮಿಸ್ಟ್ರಿ ಆರಿಸಿಕೊಂಡಳು. ಮ್ಯಾಥ್ಸ್ ಬಿಟ್ಟಳು. ಬಿಡಬಾರದು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಮೊದಲ ನಾಲ್ಕು ಸೆಮ್ ಹೇಗೋ ದಾಟಿದಳು. ಐದನೆಯದರಲ್ಲಿ ಕ್ಲಾಸಿಕಲ್ ಮೆಕ್ಯಾನಿಕ್ಸ್, ಕ್ವಾಂಟಮ್ ಮೆಕ್ಯಾನಿಕ್ಸ್ ಬಂದಾಗ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ಅತ್ತಳು. ಪದವಿ ಮುಗಿಸಿ ಎಂಎಸ್‌ಸಿಗೆ ಅರ್ಜಿ ಹಾಕಿದಾಗ ಒಂದು ಸಂಸ್ಥೆ ಪದವಿಯಲ್ಲಿ ಮ್ಯಾಥ್ಸ್ ಓದಿರಲೇಬೇಕು ಎಂದಿತು. ಬೇರೆ ಕಡೆ ಸೀಟು ಸಿಕ್ಕಿತು ನಿಜ. ಆದರೆ ಬೇಸಿಗೆ ರಜೆಯೆಲ್ಲ ಮ್ಯಾಟ್ರಿಕ್ಸ್, ಕಾಂಪ್ಲೆಕ್ಸ್ ನಂಬರ್ ಎಂದು ಒಬ್ಬಳೇ ಕೂತು ಓದಬೇಕಾಯಿತು. ಆಯ್ಕೆ ಕೊಟ್ಟದ್ದು ಒಳ್ಳೆಯದೇ. ಆದರೆ ಹದಿನೆಂಟು ವರ್ಷದ ಮಕ್ಕಳಿಗೆ ಆಯ್ಕೆಯ ಜೊತೆಗೆ ದಾರಿ ಹೇಳುವವರನ್ನೂ ಕೊಡಬೇಕಿತ್ತು.

ಎನ್‌ಇಪಿಯಲ್ಲಿ ನನಗೆ ಇಷ್ಟವಾದದ್ದೂ ಒಂದಿತ್ತು. ಅದು ನಾಲ್ಕನೇ ವರ್ಷದ ಸಂಶೋಧನೆ. ಕೊಣಾಜೆಯಲ್ಲಿ ಮೈಕ್ರೋಟ್ರಾನ್ ಕೇಂದ್ರ ಉಂಟು. ಎಲೆಕ್ಟ್ರಾನ್‌ಗಳಿಗೆ 8 ಎಂಇವಿ (80 ಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಕೊಡುವ ಯಂತ್ರ ಅದು. ಉಡುಪಿಯ ಒಬ್ಬ ಬಿಎಸ್‌ಸಿ ಹುಡುಗಿ ಬಸ್ ಹತ್ತಿ ಹೋಗಿ ಅಂಥ ಜಾಗದಲ್ಲಿ ಒಂದು ವರ್ಷ ಪ್ರಾಜೆಕ್ಟ್ ಮಾಡುವಂತಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಆಸೆಪಟ್ಟಿದ್ದೆ.

ಅದು ಬೇರೂರುವ ಮೊದಲೇ ನೀತಿ ಬದಲಾಯಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ ಸರ್ಕಾರ 2024ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿತು. ಹೊಸಬರಿಗೆ ಮತ್ತೆ ಮೂರು ವರ್ಷ, ಮತ್ತೆ ಮೂರು ಮೇಜರ್. ಆಗಲೇ ಎನ್‌ಇಪಿಯಲ್ಲಿ ಇದ್ದವರಿಗೆ ನಾಲ್ಕನೇ ವರ್ಷ ಬೇಕಾದರೆ ಓದಬಹುದು ಎಂದಾಯಿತು. ಐದು ವರ್ಷದಲ್ಲಿ ಮೂರು ಸ್ಕೀಮ್! ಒಂದೇ ಕಾಲೇಜಿನಲ್ಲಿ ಒಂದೇ ವರ್ಷ ಎರಡು ಬಗೆಯ ಪಾಠಪಟ್ಟಿ ನಡೆಸಿದ, ಬ್ಯಾಕ್‌ಲಾಗ್ ಇದ್ದವರಿಗೆ ಹಳೆಯ ಪ್ರಶ್ನೆಪತ್ರಿಕೆ ಮಾಡಿಕೊಟ್ಟ ಅಧ್ಯಾಪಕರ ಶ್ರಮವನ್ನು ಯಾರೂ ಲೆಕ್ಕ ಇಡಲಿಲ್ಲ.

ಇದರ ಇನ್ನೊಂದು ತುದಿ ದೆಹಲಿಯಲ್ಲಿದೆ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ್ದಕ್ಕೆ 160. ನಾಲ್ಕು ವರ್ಷ ಓದಿದವರಿಗೆ ಒಂದು ವರ್ಷದ ಎಂಎಸ್‌ಸಿ ಸಾಕು. ಮೂರು ವರ್ಷದವರಿಗೆ ಎರಡು ವರ್ಷ ಬೇಕು. ಒಟ್ಟು ಐದೇ ವರ್ಷ, ಹಾಗಾಗಿ ನಮ್ಮ ಮಕ್ಕಳಿಗೆ ಕಾಲ ನಷ್ಟ ಆಗುವುದಿಲ್ಲ. ಆದರೆ ಹೊರರಾಜ್ಯಕ್ಕೆ ಹೋಗುವವರು ಅಲ್ಲಿ ಯಾವ ಕೋರ್ಸ್‌ಗೆ ಯಾವ ಪದವಿ ಕೇಳುತ್ತಾರೆ ಎಂದು ಮೊದಲೇ ನೋಡಿಕೊಳ್ಳಬೇಕು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ನಿನ್ನ ಸ್ಕೀಮ್‌ನ ಪಾಠಪಟ್ಟಿಯನ್ನು ಪ್ರಿಂಟ್ ತೆಗೆದು ಅಂಕಪಟ್ಟಿಯ ಜೊತೆಗೇ ಇಟ್ಟುಕೋ, ನಾಳೆ ನೀನು ಏನು ಓದಿದ್ದಿ ಎಂದು ಯಾರಾದರೂ ಕೇಳಿದರೆ ಅದೇ ಉತ್ತರ. 75 ಶೇಕಡಾ ಹಾಜರಿ ತಪ್ಪಿಸಬೇಡ. ಮೂರನೇ ವರ್ಷ ಏನೇ ಆರಿಸಿದರೂ ಮ್ಯಾಥ್ಸ್ ಬಿಡಬೇಡ. ಅವನು ತಲೆಯಾಡಿಸಿದ. ಅಕ್ಕನ ಮಗಳು ಒಳಗಿನಿಂದ ತನ್ನ ಮ್ಯಾಥ್ಸ್ ನೋಟ್ಸ್ ತಂದು ತಮ್ಮನ ಮುಂದೆ ಇಟ್ಟಳು.